ಹಾಜರಿ ಪುಸ್ತಕದ ಸೋಮವಾರಗಳು

ದಾವಣಗೆರೆ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಕೈಸೇರಿ ಹತ್ತು ದಿನಗಳಾದವು. ನೆದರ್‌ಲ್ಯಾಂಡ್ಸಿನ ಮಾಸ್ಟ್ರಿಕ್ಟಿನ ಚಳಿ, ಸೈಕಲ್ಲು, ಅಡುಗೆಯ ವಿಷಯವನ್ನೆಲ್ಲ ನಿನ್ನ ತಾಯಿ ಹೇಳಿದ್ದಾಳೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಉತ್ತರ ತಡವಾದದ್ದು ನಾಲ್ಕನೆಯ ಪುಟದ ಕೊನೆಯಲ್ಲಿ ನೀನು ಬರೆದ ಒಂದು ಸಾಲಿನಿಂದ: “ದೊಡ್ಡಪ್ಪ, ದುಡಿಯುವವರ ಆರೋಗ್ಯದ ಬಗ್ಗೆ ಓದಲು ಬಂದವಳು ನಾನು. ಕೊನೆಗೆ ಮಾಲೀಕರ ಸಂಬಳ ತಿಂದು, ಕಾಯಿಲೆ ಬಿದ್ದವರನ್ನು ಎಬ್ಬಿಸಿ ಮತ್ತೆ ಕೆಲಸಕ್ಕೆ ಅಟ್ಟುವವಳಾಗಿಬಿಟ್ಟರೆ?” ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹಾಗೇನೂ ಆಗುವುದಿಲ್ಲ, ಧೈರ್ಯವಾಗಿರು ಎಂದು ಎರಡು ಪುಟ ಬರೆದೆ. ಬೆಳಿಗ್ಗೆ ಓದಿದಾಗ ಸುಳ್ಳೆನಿಸಿ ಹರಿದು ಹಾಕಿದೆ. ಹಾಗೆ ಆಗಬಹುದು, ಪುಟ್ಟಿ. ಹಾಗೆ ಆದವನೊಬ್ಬ ನಿನ್ನ ಮನೆಯಲ್ಲೇ ಇದ್ದಾನೆ.

ಹತ್ತಿ ಗಿರಣಿಯಲ್ಲಿ ನಾನು ಯಾವ ಹುದ್ದೆಯಲ್ಲಿದ್ದೆ ಎಂಬುದು ನಿನಗೆ ಗೊತ್ತು. ಆ ಹುದ್ದೆ ಎಂಥದು ಎಂಬುದನ್ನು ಮನೆಯಲ್ಲಿ ನಾನು ಯಾರಿಗೂ ಬಿಡಿಸಿ ಹೇಳಿಲ್ಲ. 1948ರ ಕಾರ್ಖಾನೆ ಕಾಯ್ದೆಯ 49ನೆಯ ಕಲಮಿನಂತೆ, 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆಯಲ್ಲೆಲ್ಲ ಕಲ್ಯಾಣಾಧಿಕಾರಿ ಇರಲೇಬೇಕಿತ್ತು. ಅವನನ್ನು ನೇಮಿಸುವವನು ಮಾಲೀಕ, ಸಂಬಳ ಕೊಡುವವನೂ ಮಾಲೀಕ. ಅವನು ಕಾಯಬೇಕಾದದ್ದು ಮಾತ್ರ ಕಾರ್ಮಿಕರ ಹಿತವನ್ನು. ನೀನು ಯಾವುದಕ್ಕೆ ಹೆದರುತ್ತಿದ್ದೀಯೋ ಆ ಕುರ್ಚಿಯಲ್ಲಿ ನಾನು ವರ್ಷಗಟ್ಟಲೆ ಕುಳಿತಿದ್ದೆ, ಒಂದು ದಿನವೂ ಹೆದರದೆ.

ತಿಂಗಳ ಕೊನೆಗೆ ಗೈರುಹಾಜರಿಯ ಲೆಕ್ಕ ತೆಗೆಯುವುದು ನನ್ನ ಕೆಲಸಗಳಲ್ಲೊಂದು. ಅಗಲವಾದ ರೂಲು ಪುಸ್ತಕ. ಬಂದವರಿಗೆ ನೀಲಿ ಶಾಯಿ, ಬಾರದವರಿಗೆ ಕೆಂಪು, ಅರ್ಧ ಪಾಳಿಗೆ ಎದ್ದು ಹೋದವರಿಗೆ ಓರೆಯಾದ ಒಂದು ಕೆಂಪು ಗೆರೆ. ಅರಳೆ ಹಿಂಜುವ ಕಾರ್ಡಿಂಗ್ ಖಾತೆಯ ಪುಟ ತೆರೆದರೆ ಸೋಮವಾರದ ಕಾಲಮ್ಮಿನಲ್ಲಿ ಆ ಓರೆ ಗೆರೆಗಳು ಒಂದರ ಕೆಳಗೊಂದು ಇಳಿದುಕೊಂಡು ಹೋಗಿರುತ್ತಿದ್ದವು, ಪಕ್ಕದ ಮಂಗಳವಾರದಲ್ಲಿ ಪೂರ್ತಿ ಗೈರು, ಬುಧವಾರದಿಂದ ಶನಿವಾರದವರೆಗೆ ಬರೀ ನೀಲಿ. ಭಾನುವಾರದ ಕುಡಿತದ ಫಲ ಎಂದು ಮೇಸ್ತ್ರಿಗಳು ಹೇಳುತ್ತಿದ್ದರು. ನಾನೂ ನಂಬಿದೆ, ಏಕೆಂದರೆ ಹಾಗೆ ನಂಬಿದರೆ ಯಾರನ್ನೂ ಏನನ್ನೂ ಕೇಳಬೇಕಾಗಿರಲಿಲ್ಲ. ನಮ್ಮ ಊರಿನ ಮನೆಯಲ್ಲಿ ಸೋಮವಾರ ಬಸವಣ್ಣನ ವಾರವೆಂದು ನನ್ನ ತಂದೆ ಎತ್ತಿನ ಹೆಗಲ ಮೇಲೆ ನೊಗ ಇಡುತ್ತಿರಲಿಲ್ಲ. ಅಂಥ ಮನೆಯಿಂದ ಬಂದ ನಾನು ಮನುಷ್ಯರ ಸೋಮವಾರಗಳಿಗೆ ಕೆಂಪು ಶಾಯಿ ಹಾಕಿದೆ.

ಆ ಖಾತೆಯಲ್ಲಿ ಇಪ್ಪತ್ತು ವರ್ಷ ಕಳೆದಿದ್ದ ಒಬ್ಬಾತ ಮೂರನೆಯ ನೋಟಿಸು ಹಿಡಿದು ನನ್ನ ಮೇಜಿನ ಮುಂದೆ ನಿಂತಿದ್ದ. ಕುಡಿತವನ್ನು ಮುಟ್ಟಿದವನಲ್ಲ. ಹುಬ್ಬು, ರೆಪ್ಪೆ, ಕಿವಿಯ ಅಂಚಿನ ಕೂದಲು, ಎಲ್ಲದರ ಮೇಲೂ ಅರಳೆಯ ನವಿರು. ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ತೆಗೆದುಕೊಂಡು ಹೇಳಿದ: “ಸೋಮವಾರ ಮಧ್ಯಾಹ್ನಕ್ಕ ಎದಿ ಕಟ್ಟಿದಂಗ ಆಕ್ಕತ್ರಿ ಸಾಹೇಬ್ರ. ಬುಧವಾರಕ್ಕ ಅದರಷ್ಟಕ್ಕ ಅದು ಬಿಡತತಿ.” ವಾರ, ಹೊತ್ತು, ಲಕ್ಷಣ, ಎಲ್ಲವನ್ನೂ ಒಬ್ಬ ವೈದ್ಯನಿಗಿಂತ ಚೆನ್ನಾಗಿ ಅವನು ನನ್ನ ಕೈಯಲ್ಲಿಟ್ಟಿದ್ದ. ನಾನು ಕೇಳಿದ್ದು ಒಂದೇ ಪ್ರಶ್ನೆ: “ಭಾನುವಾರ ಎಲ್ಲಿದ್ದೆ?” ಆಮೇಲೆ ‘ರೂಢಿಗತ ಗೈರುಹಾಜರಿ’ ಎಂದು ಬರೆದು ಸಹಿ ಹಾಕಿದೆ.

ಹತ್ತಿ ಧೂಳಿನಿಂದ ಬರುವ ಈ ಶ್ವಾಸಕೋಶದ ಕಾಯಿಲೆಗೆ ಇರುವ ಬಿಸಿನೋಸಿಸ್ ಎಂಬ ಹೆಸರು ನನ್ನ ಕಿವಿಗೆ ಬಿದ್ದದ್ದು ನಮ್ಮ ಗಿರಣಿಯೇ ಬಾಗಿಲು ಹಾಕಿದ ಎಷ್ಟೋ ವರ್ಷಗಳ ನಂತರ. ರಿಚರ್ಡ್ ಶಿಲ್ಲಿಂಗ್ ಎಂಬ ವೈದ್ಯರು ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿ ಕಾರ್ಮಿಕರನ್ನು ಪರೀಕ್ಷಿಸಿ 1950ರ ದಶಕದಲ್ಲೇ ಅದಕ್ಕೆ ಶ್ರೇಣಿಗಳನ್ನು ಗುರುತಿಸಿದ್ದರು. ರಜೆ ಮುಗಿಸಿ ಬಂದ ಮೊದಲ ದಿನ ಮಾತ್ರ ಎದೆ ಬಿಗಿದರೆ ಮೊದಲ ಶ್ರೇಣಿ, ವಾರದ ಉಳಿದ ದಿನಗಳಿಗೂ ಚಾಚಿಕೊಂಡರೆ ಎರಡನೆಯದು, ಶ್ವಾಸಕೋಶದ ಶಕ್ತಿಯೇ ಶಾಶ್ವತವಾಗಿ ಕುಗ್ಗಿದರೆ ಮೂರನೆಯದು. ನಮ್ಮ ಕಾರ್ಮಿಕರ ಪರಿಹಾರ ಕಾಯ್ದೆಯ ಮೂರನೆಯ ಅನುಸೂಚಿಯಲ್ಲೂ ಹತ್ತಿ ಧೂಳಿನ ಈ ಕಾಯಿಲೆ ಇತ್ತು. ಆ ಕಾರ್ಮಿಕನನ್ನು ನಾನು ಇನ್ನೊಮ್ಮೆ ಕಂಡದ್ದು ಮಂಡಕ್ಕಿ ಭಟ್ಟಿಯ ಓಣಿಯಲ್ಲಿ. ಮನೆಯ ಮೆಟ್ಟಿಲ ಮೇಲೆ, ಎರಡೂ ಕೈಗಳನ್ನು ಮೊಣಕಾಲಿಗೆ ಊರಿ ಕುಳಿತಿದ್ದ. ನನ್ನನ್ನು ನೋಡಿ ಎದ್ದು ನಿಂತು ನಮಸ್ಕಾರ ಮಾಡಿದ. ಏಳಲು ಅವನಿಗೆ ಎಷ್ಟು ಉಸಿರು ಬೇಕಾಯಿತೆಂಬುದನ್ನು ನಾನು ನೋಡಿದೆ.

ನಿನ್ನ ಪ್ರಶ್ನೆಗೇ ಬರುತ್ತೇನೆ. ನಿನ್ನ ಓದಿನ ವಿಷಯವನ್ನು ‘ಸುಸ್ಥಿರ ಉದ್ಯೋಗಾರ್ಹತೆ’, ಅಂದರೆ ಆರೋಗ್ಯ ಕೆಡದೆ ಬಹುಕಾಲ ದುಡಿಯಬಲ್ಲ ಸ್ಥಿತಿ, ಎಂದು ನೀನು ಬರೆದಿರುವುದಕ್ಕೆ ಡಚ್ಚಿನಲ್ಲಿರುವ ಮಾತಿನ ಒಳಗೆ ‘ಕೆಲಸಕ್ಕೆ ಹೂಡಲು ಬರುವ ಸ್ಥಿತಿ’ ಎಂಬರ್ಥ ಇದೆಯೆಂದೂ, ಅದನ್ನು ಕೇಳಿದಾಗಲೆಲ್ಲ ನೊಗ ನೆನಪಾಗುತ್ತದೆಂದೂ ಹೇಳಿದ್ದೀಯ. ನನಗೂ ಹಾಗೆಯೇ ಅನಿಸಿತು. ಅಲ್ಲಿನ ಕಾನೂನಿನ ಬಗ್ಗೆ ನೀನು ಬರೆದದ್ದನ್ನು ಮತ್ತೆ ಮತ್ತೆ ಓದಿದೆ: ಕಾಯಿಲೆ ಬಿದ್ದ ನೌಕರನಿಗೆ ಎರಡು ವರ್ಷದವರೆಗೆ ಸಂಬಳದ ಕನಿಷ್ಠ 70%ರಷ್ಟನ್ನು ಮಾಲೀಕನೇ ಕೊಡಬೇಕು, 2002ರ ಕಾನೂನಿನಂತೆ ಆರು ವಾರದೊಳಗೆ ಕಂಪನಿ ವೈದ್ಯರು ಸಮಸ್ಯೆಯನ್ನು ವಿಶ್ಲೇಷಿಸಬೇಕು, ಎಂಟನೆಯ ವಾರದೊಳಗೆ ಮರಳಿ ಕೆಲಸಕ್ಕೆ ತರುವ ಯೋಜನೆ ಸಿದ್ಧವಾಗಬೇಕು. ಮಾಲೀಕನ ಗಂಟಿನಿಂದ ಹಣ ಹೋಗುತ್ತಿರುವಾಗ ಅವನು ಆತುರಪಡುತ್ತಾನೆ, ಆ ಆತುರವನ್ನು ನಿನ್ನ ಕೈಯಿಂದ ಮಾಡಿಸುತ್ತಾನೆ ಎಂಬುದು ನಿನ್ನ ಭಯ. ಅದು ನಿಜವೇ. ಆದರೆ ನಮ್ಮಲ್ಲಿ ಇಎಸ್‌ಐ ಎಂಬ ನೌಕರರ ರಾಜ್ಯ ವಿಮೆಯ ಸಾಮಾನ್ಯ ಕಾಯಿಲೆ ಭತ್ಯೆಯೂ 70%ರಷ್ಟೇ, ವರ್ಷಕ್ಕೆ 91 ದಿನ, ಮತ್ತು ಅದನ್ನು ಕೊಡುವುದು ಮಾಲೀಕನಲ್ಲ, ವಿಮಾ ನಿಧಿ. ಆ ಮನುಷ್ಯನನ್ನು ಕಳೆದುಕೊಂಡದ್ದರಿಂದ ನನ್ನ ಮಾಲೀಕರಿಗೆ ಒಂದು ರೂಪಾಯಿಯೂ ನಷ್ಟವಾಗಲಿಲ್ಲ, ಗೇಟಿನ ಹೊರಗೆ ಇನ್ನೊಬ್ಬ ನಿಂತಿದ್ದ. ನಷ್ಟವಾಗುವಂತಿದ್ದರೆ ಧೂಳು ಹೀರುವ ಯಂತ್ರ ಬರುತ್ತಿತ್ತೋ ಏನೋ ಎಂದು ಈಗ ಅನಿಸುತ್ತದೆ.

ಕಂಪನಿ ವೈದ್ಯರು ಕಾಯಿಲೆಯ ಹೆಸರನ್ನು ಮಾಲೀಕನಿಗೆ ಹೇಳುವಂತಿಲ್ಲ, ಈತ ಏನು ಮಾಡಬಲ್ಲ, ಏನು ಮಾಡಲಾರ ಎಂಬುದನ್ನಷ್ಟೇ ತಿಳಿಸಬೇಕು ಎಂದು ನೀನು ಸಹಜವೆಂಬಂತೆ ಬರೆದಿದ್ದೀಯ. ಕಾಯಿಲೆ ಬೀಳುವ ಮೊದಲೇ ನೌಕರ ಅವರನ್ನು ಕಾಣಬಹುದಂತೆ, ಅಭಿಪ್ರಾಯ ಒಪ್ಪಿಗೆಯಾಗದಿದ್ದರೆ 2017ರಿಂದ ಇನ್ನೊಬ್ಬ ಕಂಪನಿ ವೈದ್ಯರನ್ನು ಕೇಳುವ ಹಕ್ಕೂ ಇದೆಯಂತೆ. ನಮ್ಮ ಕಚೇರಿಯಲ್ಲಿ ವೈದ್ಯಕೀಯ ಚೀಟಿಗಳನ್ನು ನಾನು ಗುಮಾಸ್ತರ ಮುಂದೆ ಗಟ್ಟಿಯಾಗಿ ಓದುತ್ತಿದ್ದೆ. ಈ ನೆನಪು ಮೊದಲು ಎಂದೂ ನನ್ನನ್ನು ಕಾಡಿರಲಿಲ್ಲ, ನಿನ್ನ ಪತ್ರ ಓದಿದ ಮೇಲೆ ಕಾಡುತ್ತಿದೆ.

ನೀನಿರುವ ಊರಿನ ಕಥೆಯಲ್ಲೂ ನಿನ್ನ ಭಯಕ್ಕೆ ಸಂಬಂಧಿಸಿದ್ದೇನೋ ಇದೆ. ಅಲ್ಲಿನ ದಕ್ಷಿಣ ಲಿಂಬರ್ಗಿನ ಕಲ್ಲಿದ್ದಲ ಗಣಿಗಳನ್ನು ಮುಚ್ಚುವುದಾಗಿ ಮಂತ್ರಿಯೊಬ್ಬರು 1965ರಲ್ಲಿ ಹೇರ್ಲೆನ್ ಪಟ್ಟಣದ ರಂಗಮಂದಿರದಲ್ಲಿ ಸಾರಿದರು, ಕೊನೆಯ ಗಣಿ 1974ರಲ್ಲಿ ಮುಚ್ಚಿತು, ಆ ನಷ್ಟ ತುಂಬಲು ಕೈಗೊಂಡ ಕ್ರಮಗಳಲ್ಲೊಂದಾಗಿ 1976ರಲ್ಲಿ ನಿನ್ನ ವಿಶ್ವವಿದ್ಯಾಲಯ ಹುಟ್ಟಿತು. ಅದೇ ದಶಕಗಳಲ್ಲಿ ಆ ದೇಶದಲ್ಲಿ, ಬೇಡವಾದ ಎಷ್ಟೋ ಕಾರ್ಮಿಕರನ್ನು 1967ರ ಅಂಗವೈಕಲ್ಯ ವಿಮೆಯ ಅಡಿಯಲ್ಲಿ ‘ಅಸಮರ್ಥರು’ ಎಂದು ಬರೆದು ಮನೆಗೆ ಕಳಿಸಿದರು. ಆ ಸಂಖ್ಯೆ ಹತ್ತು ಲಕ್ಷದ ಹತ್ತಿರ ಬಂದಾಗ, 1990ರಲ್ಲಿ, ಪ್ರಧಾನಿ ಲುಬ್ಬರ್ಸ್ ನೆದರ್‌ಲ್ಯಾಂಡ್ಸ್ ಕಾಯಿಲೆ ಬಿದ್ದಿದೆ ಎಂದೇ ಹೇಳಬೇಕಾಯಿತು. ನಾನು ಕಾಯಿಲೆಯವನನ್ನು ಶಿಸ್ತಿಲ್ಲದವನೆಂದು ಬರೆದೆ, ಅಲ್ಲಿ ದುಡಿಯಬಲ್ಲವರನ್ನು ಕೈಲಾಗದವರೆಂದು ಬರೆದರು. ಕೆಲಸಕ್ಕೆ ಅಟ್ಟುವುದಕ್ಕೆ ಮಾತ್ರ ನೀನು ಹೆದರಿದ್ದೀಯ. ಮನೆಗೆ ಕಳಿಸುವುದನ್ನು ಕರುಣೆ ಎಂದುಕೊಳ್ಳುವುದಕ್ಕೂ ಹೆದರಬೇಕೇನೋ.

ಹೀಗೆ ಹೇಳಲು ಕಾರಣವಿದೆ, ಅದನ್ನು ಮೇಲೆ ಬರೆಯುವಾಗ ಬಿಟ್ಟುಬಿಟ್ಟೆ. ನೋಟಿಸು ಹಿಡಿದು ನನ್ನ ಮೇಜಿನ ಮುಂದೆ ನಿಂತ ಆ ದಿನ ಅವನು ರಜೆ ಕೇಳಿರಲಿಲ್ಲ, ಪರಿಹಾರವನ್ನೂ ಕೇಳಿರಲಿಲ್ಲ. “ನನ್ನ ಫೋಲ್ಡಿಂಗ್ ಖಾತೀಗೆ ಹಾಕ್ರಿ, ಪಗಾರ ಕಡಿಮಿ ಆದ್ರೂ ನಡೀತತಿ” ಎಂದಿದ್ದ. ಬಟ್ಟೆ ಮಡಿಸುವ ಕೋಣೆಯಲ್ಲಿ ಕಿಟಕಿಗಳಿದ್ದವು, ಅರಳೆ ಹಾರುತ್ತಿರಲಿಲ್ಲ. ಅಲ್ಲಿ ಅವನು ಇನ್ನೂ ಹತ್ತು ವರ್ಷ ದುಡಿಯುತ್ತಿದ್ದನೆಂದೇ ನನ್ನ ನಂಬಿಕೆ. ಅಮರ್ತ್ಯ ಸೇನ್ ಅವರ ಸಾಮರ್ಥ್ಯದ ಚಿಂತನೆಯನ್ನು ತೆಗೆದುಕೊಂಡು ಡಚ್ ವಿದ್ವಾಂಸರು 2016ರಲ್ಲಿ ನಿನ್ನ ವಿಷಯಕ್ಕೆ ಹೊಸ ವ್ಯಾಖ್ಯೆ ಕೊಟ್ಟರೆಂದು ಬರೆದಿದ್ದೀಯಲ್ಲ, ದುಡಿಯುವವನಿಗೆ ತಾನು ಬೆಲೆ ಕೊಡುವುದನ್ನು ಕೆಲಸದಲ್ಲಿ ಸಾಧಿಸಲು ನಿಜವಾದ ಅವಕಾಶ ಇರಬೇಕು ಎಂದು. ಅದನ್ನು ಓದುವಾಗ ನನಗೆ ಕಂಡದ್ದು ಆ ಕಿಟಕಿಗಳು. ವರ್ಗಾವಣೆಗೆ ನನ್ನ ಒಂದು ಟಿಪ್ಪಣಿ ಸಾಕಾಗಿತ್ತು. ಬರೆದರೆ ಮೇಲಿನವರಿಗೆ ಇಷ್ಟವಾಗದು ಎಂದು ಬರೆಯಲಿಲ್ಲ. ಆ ವರ್ಷ ನಿನ್ನ ಅತ್ತೆಯ ಮದುವೆಯ ಸಾಲವಿತ್ತು. ಅದನ್ನು ನೆಪವಾಗಿ ಹೇಳುತ್ತಿಲ್ಲ, ನಡೆದದ್ದು ಹಾಗೆ.

ಆದ್ದರಿಂದ, ಹಿತವಚನ ಹೇಳುವ ಯೋಗ್ಯತೆ ನನಗಿಲ್ಲದಿದ್ದರೂ, ಒಂದೆರಡು ಮಾತು. ಕೆಲಸ ಸಿಕ್ಕ ಮೇಲೆ ಮೊದಲು ಆರು ತಿಂಗಳ ಖರ್ಚಿನ ಹಣವನ್ನು ಬೇರೆ ತೆಗೆದಿಡು, ನಮಗೂ ಕಳಿಸಬೇಡ. ಸಹಿ ಹಾಕಲಾರೆ ಎಂದು ಹೇಳುವ ದಿನ ಅದು ಬೇಕಾಗುತ್ತದೆ. ಡಚ್ ಕಲಿಯುವುದನ್ನು ಅರ್ಧಕ್ಕೆ ಬಿಡಬೇಡ, ನೋವನ್ನು ಜನ ತಮ್ಮ ಭಾಷೆಯಲ್ಲೇ ಸರಿಯಾಗಿ ಹೇಳುತ್ತಾರೆ. (ಭಾಷೆ ಬಂದೂ ಕೇಳಿಸಿಕೊಳ್ಳದವನು ಹೀಗೆ ಹೇಳುವುದು ಸರಿಯಲ್ಲ, ಬಲ್ಲೆ.) ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1985ರ 161ನೆಯ ಒಪ್ಪಂದದ 10 ಮತ್ತು 15ನೆಯ ವಿಧಿಗಳನ್ನು ನೀನು ಓದಿಯೇ ಇರುತ್ತೀಯ: ಆರೋಗ್ಯ ಸೇವೆಯವರಿಗೆ ಮಾಲೀಕನಿಂದಲೂ ಕಾರ್ಮಿಕನಿಂದಲೂ ಪೂರ್ಣ ವೃತ್ತಿ ಸ್ವಾತಂತ್ರ್ಯವಿರಬೇಕು, ಗೈರುಹಾಜರಿಯ ಕಾರಣ ಪತ್ತೆ ಮಾಡಿಕೊಡಿ ಎಂದು ಮಾಲೀಕ ಅವರನ್ನು ಕೇಳುವಂತಿಲ್ಲ. ಅವನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಮೇಲಿಟ್ಟುಕೊಂಡರೆ ಏನಾದರೂ ಪ್ರಯೋಜನವಾದೀತೇ? ನನ್ನ ಮೇಜಿನ ಮೇಲೆ ಅಂಥದ್ದೇನೂ ಇರಲಿಲ್ಲ.

ವಸಂತದಲ್ಲಿ ಪ್ರಬಂಧಕ್ಕಾಗಿ ಒಂದು ಗೋದಾಮಿಗೆ ಹೋಗುತ್ತೇನೆಂದಿದ್ದೀಯ. ಅಲ್ಲಿ ಹಾಜರಿಯ ಲೆಕ್ಕ ಕಂಪ್ಯೂಟರಿನಲ್ಲಿರುತ್ತದೆ, ಕೆಂಪು ಶಾಯಿ ಇರುವುದಿಲ್ಲ. ಆದರೂ ವಾರದ ದಿನಗಳನ್ನು ಬೇರೆ ಬೇರೆ ಮಾಡಿ ಒಮ್ಮೆ ನೋಡು. ಯಾವ ದಿನ, ಯಾವ ಪಾಳಿ, ಯಾವ ಕೋಣೆ ಎಂದು ನೋಡಿ, ಆಮೇಲೆ ಆ ಕೋಣೆಯಲ್ಲಿ ಒಂದು ಪಾಳಿ ಪೂರ್ತಿ ನಿಂತು, ಕಂಡದ್ದನ್ನು ನನಗೆ ಬರೆ. ಕಣ್ಣು ಮಂಜಾಗಿದೆ, ಅಕ್ಷರ ಸ್ವಲ್ಪ ದೊಡ್ಡದಾಗಿರಲಿ.

ಇಂತು ನಿನ್ನ ದೊಡ್ಡಪ್ಪ