ಬಳೆ ಮಾರುವವರ ಹೆಸರು ಕೇಳಲು ಇವರು ಯಾರು?

ಮಾನ್ಯ ಸಂಪಾದಕರೇ,

ನಮ್ಮೂರ ಜಾತ್ರೆಯ ಗಲಾಟೆ ಇವತ್ತು ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ‘ಎರಡು ಗುಂಪುಗಳ ನಡುವೆ ಮಾತಿನ ಚಕಮಕಿ’ ಎಂದು ಬರೆದಿದ್ದೀರಿ. ಎರಡು ಗುಂಪು ಎಲ್ಲಿತ್ತು? ನಾನು ಅಲ್ಲೇ ಇದ್ದೆ. ಬೈಕಿನಲ್ಲಿ ಬಂದ ಹುಡುಗರದ್ದು ಒಂದು ಗುಂಪು. ಎದುರಿಗೆ ಇದ್ದದ್ದು ಬಳೆ ಮಾರುವ ವಯಸ್ಸಾದ ಸಾಬರು ಮತ್ತು ಅವರ ಸೊಸೆ, ಅಷ್ಟೇ. ಹೆಸರು ಕೇಳಿದರು, ಆಧಾರ್ ಕಾರ್ಡ್ ತೋರಿಸು ಎಂದರು, ಅಂಗಡಿ ಎತ್ತು ಎಂದರು. ಆ ಹುಡುಗರಲ್ಲಿ ಒಬ್ಬನೂ ನಮ್ಮೂರಿನವನಲ್ಲ.

ನನ್ನ ಮದುವೆಗೆ ಬಳೆ ತೊಡಿಸಿದವರು ಇದೇ ಸಾಬರು. ಮಗಳ ಸೀಮಂತಕ್ಕೆ ಹಸಿರು ಬಳೆ ತಂದವರೂ ಅವರೇ. ತೇರಿಗೆ ಹಣ್ಣು ದವನ ಎಸೆದು, ಅವರ ಹತ್ತಿರ ಬಳೆ ಇಡಿಸಿಕೊಂಡು ಮನೆಗೆ ಹೋದರೇ ನಮಗೆ ಜಾತ್ರೆ ಆದ ಹಾಗೆ. ಅವರ ಹೆಸರು ಈಗ ಯಾಕೆ ಬೇಕಾಯಿತು?

ಅಧಿಕಾರಿಗಳು ಮಾಡಿದ್ದೇನು? ಬೆದರಿಸಿದವರನ್ನು ಕರೆದು ಒಂದು ಮಾತು ಕೇಳಲಿಲ್ಲ. ಎಲ್ಲ ಅಂಗಡಿ ಮುಚ್ಚಿಸಿದರು. ಬೆಂಡು ಬತ್ತಾಸಿನವರು, ಆಟದ ಸಾಮಾನಿನವರು, ಪುರಿ ಮಾರುವವರು ಎಲ್ಲರೂ ಗಂಟು ಕಟ್ಟಿದರು. ಮುಡಿ ತೆಗೆಯುವವರನ್ನೂ ಎಬ್ಬಿಸಿ ಕಳಿಸಿದರು. ಮೊಮ್ಮಗನ ಮುಡಿ ಹರಕೆ ಹಾಗೇ ಉಳಿಯಿತು. ಬಸ್ಸುಗಳನ್ನು ಹ್ಯಾಂಡ್‌ಪೋಸ್ಟ್‌ನಲ್ಲೇ ತಡೆದರು. ಮಂಡಿ ನೋವಿನ ಅತ್ತೆಯವರನ್ನು ಆ ಉರಿ ಬಿಸಿಲಲ್ಲಿ ನಡೆಸಿಕೊಂಡು ಹೋಗಬೇಕಾಯಿತು. ಕುಡಿಯಲು ಒಂದು ಲೋಟ ನೀರಿಲ್ಲ. ಆಟೊದವರು ಕೇಳಿದ್ದು ಎರಡರಷ್ಟು ಬಾಡಿಗೆ. ಹೋದ ವರ್ಷವೂ ನೀರಿರಲಿಲ್ಲ, ಶೌಚಾಲಯ ಇರಲಿಲ್ಲ. ಹೆಂಗಸರು ಏನು ಮಾಡಬೇಕು ಸ್ವಾಮಿ? ಜಾತ್ರೆಗೆ ಮುಂಚೆ ಶಾಂತಿ ಸಭೆ ಅಂತ ಮಾಡುತ್ತಾರೆ. ಪ್ರತಿ ಸಲ ಅದೇ ಮುಖಂಡರು, ಅದೇ ಫೋಟೊ. ನಮ್ಮನ್ನು ಯಾರೂ ಕರೆಯುವುದಿಲ್ಲ. ಆನೆ ಬಂದು ತೋಟ ತುಳಿದಾಗ ಫೋನ್ ಎತ್ತದ ಇವರಿಗೆ ಬಡವರ ಅಂಗಡಿ ಮುಚ್ಚಿಸಲು ಎಷ್ಟು ಬೇಗ ಕೈ ಬಂತು ನೋಡಿ!

ನಮ್ಮ ಹಾಸನ ಜಿಲ್ಲೆಗೆ ಇದೇನು ಹೊಸದಾ? 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂದಿತ್ತು. ವಿಜಯನಗರದ ರಾಜ ಬುಕ್ಕರಾಯ ಇಬ್ಬರನ್ನೂ ಕರೆಸಿದ. ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲ ಎಂದ. ಬೆಳಗೊಳದ ದೇವರಿಗೆ 20 ಜನ ಕಾವಲಿನವರನ್ನು ಇಡುವ ಹೊಣೆ ವೈಷ್ಣವರ ಕಡೆಗೇ ಹೋಯಿತು. ಆ ಶಾಸನ ಶ್ರವಣಬೆಳಗೊಳದಲ್ಲಿ ಇವತ್ತಿಗೂ ಇದೆ. ದೂರು ತಂದ ಜೈನರನ್ನೇ ಊರು ಬಿಡಿಸಲಿಲ್ಲ ಆ ರಾಜ. ಬೇಲೂರಿನ ಶಾಸನವೂ ಇದೆ. ಶೈವರು ಶಿವ ಎನ್ನುವ, ಬೌದ್ಧರು ಬುದ್ಧ ಎನ್ನುವ, ಜೈನರು ಅರ್ಹನ್ ಎನ್ನುವ ದೇವರು ನಮ್ಮ ಕೇಶವನೇ ಎಂದು ಅದರಲ್ಲಿ ಬರೆದಿದ್ದಾರೆ. ಬೇಲೂರಿನ ತೇರು ಹೊರಡುವ ಹೊತ್ತಿಗೆ ದೊಡ್ಡಮೇದೂರಿನ ಖಾಜಿಯವರು ಕುರಾನ್ ಓದುವುದು ಹಿಂದಿನಿಂದ ಬಂದ ಪದ್ಧತಿ. ಈಚೆಗೆ ಅದಕ್ಕೂ ಕೆಲವರು ತಕರಾರು ತೆಗೆದಿದ್ದಾರೆ. ಚೆನ್ನಕೇಶವನಿಗೆ ಇಲ್ಲದ ತೊಂದರೆ ಇವರಿಗೆ ಯಾಕೆ?

ಬೆದರಿಸಿದ ಹುಡುಗರ ಮೇಲೆ ಕೇಸು ಹಾಕಲಿ. ಸಾಬರಿಗೆ ಆದ ನಷ್ಟ ಕಟ್ಟಿಕೊಡಲಿ. ಅದು ಆಗದಿದ್ದರೆ ಮುಂದಿನ ವರ್ಷ ಅಧಿಕಾರಿಗಳು ಜಾತ್ರೆಗೆ ಬರುವುದೇ ಬೇಡ, ನಾವೇ ನಡೆಸಿಕೊಳ್ಳುತ್ತೇವೆ. ಬರುವುದಾದರೆ ನೀರಿನ ಟ್ಯಾಂಕರ್ ಜೊತೆ ಬರಲಿ, ಹ್ಯಾಂಡ್‌ಪೋಸ್ಟ್ ರಸ್ತೆಯ ಗುಂಡಿ ಮುಚ್ಚಿಸಿ ಬರಲಿ. ಅಷ್ಟು ವಯಸ್ಸಾದವರು ಒಡೆದ ಬಳೆ ಆರಿಸುತ್ತಾ ಕೂತಿದ್ದಾಗ ಜೀಪಿನಿಂದ ಕೆಳಗೆ ಇಳಿಯದವರು ನೀವು, ಅಧಿಕಾರಿಗಳೇ. ನಾಚಿಕೆಯಾಗಬೇಕು ನಿಮಗೆ.

– ನೊಂದ ಓದುಗಾರ್ತಿ, ಬೇಲೂರು ತಾಲ್ಲೂಕು