ಬಿಲ್ಲಿನ ಪಟ್ಟಿ ಪೇಪರ್‌ನಲ್ಲಿ ಹಾಕಿ ನೋಡೋಣ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೇಲಿ ಓದುಗರೊಬ್ರು ಬರ್ದಿದ್ರು, ಅಮೆರಿಕದ ಹಳ್ಳಿ ಕಡೆ ಆಡಳಿತ ಅಂದ್ರೆ ಗಡಿಯಾರ ಇದ್ದಂಗೆ, ಕೀ ಕೊಟ್ರೆ ಸಾಕು ತಾನಾಗೇ ನಡೆಯುತ್ತೆ, ನಮ್ಮೋರು ಹೋಗಿ ನೋಡ್ಕೊಂಡು ಬರ್ಬೇಕು ಅಂತ. ಓದಿ ನಗು ಬಂತು. ಯಾಕಂದ್ರೆ ನಾನು ಹೋಗಿ ನೋಡ್ಕೊಂಡು ಬಂದೋನೇ. ಮಗಳ ಬಾಣಂತನಕ್ಕೆ ನನ್ನಾಕೆ ಹೊರಟಾಗ ಜೊತೇಲಿ ನಾನೂ ಹೋಗಿ ಅಯೋವಾ ರಾಜ್ಯದ ಒಂದು ಹಳ್ಳಿಗಾಡು ಕೌಂಟೀಲಿ ಆರು ತಿಂಗಳು ಇದ್ದೆ. ಜನವರೀಲಿ ಇಳಿದಾಗ ಎಲ್ಲಿ ನೋಡಿದ್ರೂ ಹಿಮ, ಜೂನ್‌ನಲ್ಲಿ ಹೊರಡೋ ಹೊತ್ತಿಗೆ ಎಲ್ಲಿ ನೋಡಿದ್ರೂ ಮುಸುಕಿನ ಜೋಳ, ನಡುವೆ ಮಾತಾಡ್ಸೋಕೆ ಒಂದು ನರಪಿಳ್ಳೆ ಇಲ್ಲ. ಬೇಜಾರಾಗಿ ಹೊತ್ತು ಕಳೆಯೋಕೆ ಅಂತ ಶುರು ಮಾಡಿದ್ದು ಈ ಕೌಂಟಿ ಬೋರ್ಡಿನ ಮೀಟಿಂಗು ನೋಡೋದು. ಮಂಗಳವಾರ ಬೆಳಗ್ಗೆ 9 ಗಂಟೆಗೆ, ಅಳಿಯ ಕೆಲಸಕ್ಕೆ ಹೋಗೋವಾಗ ಕೋರ್ಟ್‌ಹೌಸ್ ಮುಂದೆ ಇಳಿಸಿ ಹೋಗ್ತಿದ್ದ.

ಕೌಂಟಿ ಅಂದ್ರೆ ನಮ್ಮ ತಾಲೂಕಿಗೂ ಜಿಲ್ಲೆಗೂ ನಡುವಿನ ಒಂದು ಬಾಬ್ತು ಅಂದ್ಕೊಳಿ. ಅಯೋವಾದಲ್ಲಿ 99 ಕೌಂಟಿ ಇದಾವೆ, ಪ್ರತಿಯೊಂದಕ್ಕೂ ಒಂದು ಬೋರ್ಡ್ ಆಫ್ ಸೂಪರ್ವೈಸರ್ಸ್, ಅಂದ್ರೆ ಜನ ಆರಿಸಿದ ಆಡಳಿತ ಮಂಡಳಿ, ಕೆಲವು ಕಡೆ ಮೂರು ಜನ, ಕೆಲವು ಕಡೆ ಐದು, ನಾಕು ವರ್ಷದ ಅವಧಿ. ನಾನಿದ್ದಲ್ಲಿ ಮೂರೇ ಜನ, ಒಬ್ರು ರೈತರು, ಒಬ್ರು ಹಳೇ ಬ್ಯಾಂಕ್ ನೌಕರರು, ಇನ್ನೊಬ್ರು ಏನ್ ಮಾಡ್ತಿದ್ರೋ ಕೊನೇವರೆಗೂ ಗೊತ್ತಾಗ್ಲಿಲ್ಲ. ಪಕ್ಕದಲ್ಲಿ ಆಡಿಟರ್ ಅಂತ ಒಬ್ರು ಹೆಂಗಸು ಕೂತು ಟಕಟಕ ಟೈಪ್ ಮಾಡ್ತಿರ್ತಾರೆ. ಆಡಿಟರ್ ಅಂದ ತಕ್ಷಣ ನಾನು ಲೆಕ್ಕ ತಪಾಸಣೆಯೋರು ಅಂದ್ಕೊಂಡಿದ್ದೆ, ಅಲ್ಲ, ಅವರು ಬೋರ್ಡಿಗೆ ಕಾರ್ಯದರ್ಶಿ ಇದ್ದಂಗೆ, ಕೌಂಟಿಗೆ ಚುನಾವಣೆ ನಡ್ಸೋರೂ ಅವರೇ, ಮತ್ತೆ ಅವರೂ ಚುನಾವಣೆ ಗೆದ್ದು ಬಂದೋರೇ! ಸಭಿಕರಿಗೆ ಅಂತ ಒಂದು ಸಾಲು ಮಡಚೋ ಕುರ್ಚಿ, ಎಷ್ಟೋ ವಾರ ಅದ್ರಲ್ಲಿ ನಾನೊಬ್ನೇ. ಮೀಟಿಂಗಿಗೆ ಕನಿಷ್ಠ 24 ಗಂಟೆ ಮುಂಚೆ ಅಜೆಂಡಾ ಅಂಟಿಸ್ಬೇಕು ಅಂತ ಕಾನೂನಿದೆ, ತಪ್ಪದೆ ಅಂಟಿಸ್ತಾರೆ, ಆದ್ರೆ ಕೆಲಸದ ದಿನ ಬೆಳಗ್ಗೆ ಒಂಬತ್ತಕ್ಕೆ ದುಡಿಯೋ ಜನ ಯಾರು ಬರ್ತಾರೆ ಸ್ವಾಮಿ. ಗಡಿಯಾರ ಅನ್ನೋರಿಗೆ ಇದು ಮೊದಲ ಉತ್ತರ.

ಮೀಟಿಂಗಿನ ಮುಕ್ಕಾಲು ಭಾಗ ರಸ್ತೆ. ಊರುಗಳನ್ನ ಬಿಟ್ರೆ ಹೊಲಗಳ ಮಧ್ಯೆ ಚೌಕ ಚೌಕವಾಗಿ ಮೈಲಿಗೊಂದು ರಸ್ತೆ, ಹೆಚ್ಚಿನವು ಜಲ್ಲಿ ರಸ್ತೆ, ಅದೆಲ್ಲಾ ಕೌಂಟಿ ತಲೆ ಮೇಲೆ. ಮಾರ್ಚ್ ಬಂತು ಅಂದ್ರೆ ಮೇಲಿನ ಮಣ್ಣು ಕರಗುತ್ತೆ, ಕೆಳಗಿನದು ಇನ್ನೂ ಕಲ್ಲಿನಂಗೆ ಹೆಪ್ಪುಗಟ್ಟಿರುತ್ತೆ, ನೀರು ಇಂಗೋಕೆ ಜಾಗ ಇಲ್ದೆ ರಸ್ತೆ ನಡುವೆ ಗಂಜಿ ಕುದ್ದಂಗೆ ಉಬ್ಬಿ ಬರುತ್ತೆ, ಅದಕ್ಕೆ ಅವರು ಫ್ರಾಸ್ಟ್ ಬಾಯ್ಲ್ ಅಂತಾರೆ. ಆಗ ಕೌಂಟಿ ಎಂಜಿನಿಯರ್ ಬಂದು ಇಂಥಿಂಥ ರಸ್ತೇಲಿ ಲೋಡು ಲಾರಿ ಓಡಾಡಂಗಿಲ್ಲ ಅಂತ ಹೇಳ್ತಾರೆ, ಧಾನ್ಯ ಸಾಗಿಸ್ಬೇಕಾದ ರೈತರು ಬಂದು ಹಾಗಂದ್ರೆ ಹೆಂಗೆ ಅಂತ ಕೇಳ್ತಾರೆ, ಇದು ವಾರಾವಾರ. ಇನ್ನು ಕೆಲವು ಮಣ್ಣು ರಸ್ತೆಗಳನ್ನ ಲೆವೆಲ್ ಬಿ ಅಂತ ಘೋಷಣೆ ಮಾಡಿ ಬೋರ್ಡು ನೆಟ್ಟುಬಿಟ್ಟಿದಾರೆ, ಕನಿಷ್ಠ ನಿರ್ವಹಣೆ ಮಾತ್ರ, ಒಳಗೆ ಹೋದ್ರೆ ನಿಮ್ಮ ಹೊಣೆ ಅಂತ. ಈ ಪ್ರಾಮಾಣಿಕತೆ ನಂಗೆ ಬಹಳ ಹಿಡಿಸ್ತು, ನಮ್ಮಲ್ಲೂ ಇಂಥ ಬೋರ್ಡು ಹಾಕೋದಾದ್ರೆ ಬೋರ್ಡಿನ ಖರ್ಚೇ ಬಜೆಟ್ ನುಂಗಿಬಿಡುತ್ತೆ ಅಷ್ಟೆ.

ಫೆಬ್ರವರೀಲಿ ನಮ್ಮನೆ ಮುಂದೆ ಹಿಮ ತಳ್ಳೋ ಕೌಂಟಿ ಗಾಡಿ ಹೋಗಿ ಅಳಿಯನ ಮೇಲ್‌ಬಾಕ್ಸು ಬುಡಸಮೇತ ಬಿತ್ತು. ಅಲ್ಲಿ ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೆ ಬರಲ್ಲ, ರಸ್ತೆ ಬದಿ ಕಂಬದ ಮೇಲೆ ಡಬ್ಬಿ, ಅದಿಲ್ಲ ಅಂದ್ರೆ ಕಾಗದ ಇಲ್ಲ. ಅಳಿಯ ಒಂದು ಗಂಟೆ ರಜೆ ಹಾಕಿ ಮೀಟಿಂಗಿಗೆ ಬಂದ. ಸಾರ್ವಜನಿಕರ ಮಾತು ಅಂತ ಕೊನೇಲಿ ಮೂರು ನಿಮಿಷ ಕೊಡ್ತಾರೆ, ಎದ್ದು ನಿಂತು ಹೇಳ್ದ. ಅಧ್ಯಕ್ಷರು ಕೇಳಿದ ಒಂದೇ ಪ್ರಶ್ನೆ, ಗಾಡಿ ಬ್ಲೇಡು ತಗುಲಿ ಬಿತ್ತೋ ಇಲ್ಲಾ ಎರಚಿದ ಹಿಮದ ಭಾರಕ್ಕೆ ಬಿತ್ತೋ? ಬ್ಲೇಡು ತಗುಲಿದ್ರೆ ಕೌಂಟಿ ಕಟ್ಟಿಕೊಡುತ್ತೆ, ಹಿಮಕ್ಕೆ ಬಿದ್ರೆ ನಿಮ್ಮ ಕಂಬ ಗಟ್ಟಿ ಇರಲಿಲ್ಲ ಅಂತ ಅರ್ಥ. ರಾತ್ರಿ ಎರಡು ಗಂಟೇಲಿ ಯಾರು ನೋಡಿದಾರೆ. ಮೇಲಾಗಿ ಇದು ಇವತ್ತಿನ ಅಜೆಂಡಾದಲ್ಲಿ ಇಲ್ಲ, ಇಲ್ಲದ ವಿಷಯದ ಮೇಲೆ ತೀರ್ಮಾನ ಮಾಡೋಂಗಿಲ್ಲ ಅಂದ್ರು. ಅಳಿಯ ಥ್ಯಾಂಕ್ಯೂ ಅಂದು ಬಂದ.

ಒಂದು ತಮಾಷೆ ಹೇಳ್ಬೇಕು. ಆ ಸೀಮೆ ಮೊದಲು ಜೌಗು, ಹೊಲಗಳ ಕೆಳಗೆ ಪೈಪು ಹೂತು ನೀರು ಬಸಿದು ಬೇಸಾಯ ಮಾಡ್ತಾರೆ, ಆ ಪೈಪು ಕಾಲುವೆಗಳಿಗೆ ಡ್ರೈನೇಜ್ ಡಿಸ್ಟ್ರಿಕ್ಟ್ ಅಂತ ಬೇರೇನೇ ಸಂಸ್ಥೆ, ಅದರ ಟ್ರಸ್ಟಿಗಳು ಸಾಮಾನ್ಯವಾಗಿ ಇದೇ ಸೂಪರ್ವೈಸರ್‌ಗಳು. ಹಾಗಾಗಿ ಹತ್ತು ಗಂಟೆಗೆ ಅಧ್ಯಕ್ಷರು ಬೋರ್ಡ್ ಸಭೆ ನಿಲ್ಲಿಸಿದ್ದೀವಿ ಅಂತಾರೆ, ಒಂದು ಗುಟುಕು ಕಾಫಿ ಕುಡೀತಾರೆ, ಡ್ರೈನೇಜ್ ಟ್ರಸ್ಟಿಗಳ ಸಭೆ ಶುರು ಅಂತಾರೆ, ಅದೇ ಮೂರು ಜನ, ಅದೇ ಕುರ್ಚಿ, ಅದೇ ಲೋಟ. ಯಾರೂ ನಗಲ್ಲ. ಆದ್ರೆ ಲೆಕ್ಕ ಮಾತ್ರ ಬೇರೆ ಬೇರೆ, ಒಡೆದ ಪೈಪಿನ ರಿಪೇರಿ ಖರ್ಚು ಆ ಪೈಪಿಗೆ ನೀರು ಬಿಡೋ ಜಮೀನಿನೋರ ಮೇಲೇ ಬೀಳುತ್ತೆ, ಇಡೀ ಕೌಂಟಿ ಮೇಲಲ್ಲ.

ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದನ್ನ ನೋಡಿದ್ದು ಒಂದೇ ದಿನ, ಅದು ಹಂದಿ ಶೆಡ್ಡಿನ ದಿನ. ಅಯೋವಾದಲ್ಲಿ ಜನಕ್ಕಿಂತ ಹಂದಿ ಜಾಸ್ತಿ, ಅಕ್ಷರಶಃ, ಜನ ಮೂವತ್ತು ಲಕ್ಷದ ಆಸುಪಾಸು ಇದ್ರೆ ಹಂದಿ ಎರಡು ಕೋಟಿಗೂ ಮೇಲೆ. ಕೊಬ್ಬಿಸೋ ಹಂದಿ 2,500 ಇಲ್ಲಾ ಅದಕ್ಕಿಂತ ಜಾಸ್ತಿ ಹಿಡಿಯೋ ಹೊಸ ಶೆಡ್ಡು ಕಟ್ಟೋಕೆ ಮಾಸ್ಟರ್ ಮ್ಯಾಟ್ರಿಕ್ಸ್ ಅಂತ ಒಂದು ಅಂಕಪಟ್ಟಿ ಇದೆ. 44 ಪ್ರಶ್ನೆ, ಒಟ್ಟು 880 ಅಂಕ, 440 ಬಂದ್ರೆ ಪಾಸು, ಗಾಳಿ ನೀರು ಸಮುದಾಯ ಅಂತ ಮೂರು ವಿಭಾಗದಲ್ಲೂ ಕಾಲು ಕಾಲು ಭಾಗ ಬರ್ಬೇಕು. ನಮ್ಮ ಎಸ್ಸೆಸ್ಸೆಲ್ಸಿ ನೆನಪಾಯ್ತು. ಈ ಅಂಕ ಹಾಕೋ ಹಕ್ಕು ಉಳಿಬೇಕು ಅಂದ್ರೂ ಪ್ರತಿ ವರ್ಷ ಜನವರೀಲಿ ಬೋರ್ಡು ಠರಾವು ಮಾಡ್ಬೇಕು, ಮರೆತ್ರೆ ಆ ವರ್ಷಕ್ಕೆ ಅದೂ ಇಲ್ಲ. ಒಬ್ರು ನಿವೃತ್ತ ಟೀಚರ್ ಎದ್ದು, ನಮ್ಮನೆ ಕಿಟಕಿ ತೆಗೆಯೋಂಗಿಲ್ಲ, ಬಟ್ಟೆ ಹೊರಗೆ ಒಣಹಾಕೋಂಗಿಲ್ಲ, ಇನ್ನೊಂದು ಶೆಡ್ಡು ಬೇಕಾ ಅಂತ ಕೇಳಿದ್ರು, ಧ್ವನಿ ನಡುಗ್ತಿತ್ತು. ಶೆಡ್ಡು ಕಟ್ಟೋ ಹುಡುಗನೂ ಅದೇ ರೂಮಲ್ಲಿದ್ದ, ಟೋಪಿ ಕೈಲಿ ತಿರುಗಿಸ್ತಾ, ಅವನೂ ಅದೇ ಟೀಚರ್ ಹತ್ರ ಓದಿದೋನಂತೆ. ರೈತ ಸೂಪರ್ವೈಸರ್ ಕಾಗದ ಮುಂದೆ ಇಟ್ಕೊಂಡು, ಅಮ್ಮಾ ಅಂಕ ಬಂದಿದೆ, ನಾವು ಬೇಡ ಅಂತ ಶಿಫಾರಸು ಕಳ್ಸಿದ್ರೂ ಪರ್ಮಿಟ್ ಕೊಡೋದು ಬಿಡೋದು ರಾಜ್ಯದ ಡಿಎನ್‌ಆರ್, ಅಂದ್ರೆ ನೈಸರ್ಗಿಕ ಸಂಪನ್ಮೂಲ ಇಲಾಖೆ ಅಂದ್ರು. ಅದು ನಿಜಾನೇ. ಹಂಬೋಲ್ಟ್ ಅನ್ನೋ ಕೌಂಟಿ ಹಿಂದೆ ಇಂಥ ಶೆಡ್ಡುಗಳಿಗೆ ತನ್ನದೇ ನಿಯಮ ಮಾಡಿತ್ತು, 1998ರಲ್ಲಿ ಅಯೋವಾ ಸುಪ್ರೀಂ ಕೋರ್ಟು ಅದನ್ನ ಹೊಡೆದು ಹಾಕ್ತು, ಇದು ರಾಜ್ಯದ ವಿಷಯ ಕೌಂಟಿದಲ್ಲ ಅಂತ. ಅಂದ್ರೆ ಬೈಗುಳ ತಿನ್ನೋದು ಕೆಳಗಿನೋರು, ಅಧಿಕಾರ ಮೇಲಿನೋರ ಕೈಲಿ, ಇದರಲ್ಲಿ ಅವರಿಗೂ ನಮಗೂ ಏನು ವ್ಯತ್ಯಾಸ ಹೇಳಿ. ನಮ್ಮ ಜಿಲ್ಲಾ ಪಂಚಾಯ್ತಿ, ತಾಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆನೇ ಇಲ್ದೆ ನಡೆದಿದೆ, ಬೈಯೋಣ ಅಂದ್ರೂ ಎದುರಿಗೆ ಒಬ್ಬ ಸದಸ್ಯ ಇಲ್ಲ, ಅದೊಂದು ವ್ಯತ್ಯಾಸ.

ಹಾಗಿದ್ರೆ ಅಲ್ಲಿಂದ ತರೋಂಥದ್ದು ಏನೂ ಇಲ್ವಾ ಅಂದ್ರೆ, ಇದೆ ಸಂಪಾದಕರೇ, ಒಂದಿದೆ, ಅದಕ್ಕೇ ನಿಮಗೆ ಈ ಪತ್ರ. ಪ್ರತಿ ಮೀಟಿಂಗಲ್ಲೂ ಬಿಲ್ಲುಗಳ ಪಟ್ಟಿ ಪಾಸ್ ಮಾಡ್ತಾರೆ. ಜಲ್ಲಿ ಕಂಪನಿಗೆ ಇಷ್ಟು, ಡೀಸೆಲ್‌ಗೆ ಇಷ್ಟು, ಜೈಲಿನ ಅಡಿಗೆ ಸಾಮಾನಿಗೆ ಇಷ್ಟು, ರಸ್ತೆ ಸಮ ಮಾಡೋ ಗ್ರೇಡರ್ ಗಾಡಿ ಬೋಲ್ಟಿಗೆ ಹದಿನೆಂಟು ಡಾಲರ್ ಚಿಲ್ಲರೆ. ಆ ಪಟ್ಟಿ ಮತ್ತು ಸಭೆ ನಡವಳಿ ಎರಡೂ ಅಲ್ಲಿನ ಪತ್ರಿಕೇಲಿ ಅಚ್ಚಾಗಲೇಬೇಕು ಅಂತ ಅಯೋವಾ ಕಾನೂನೇ ಹೇಳುತ್ತೆ, ಯಾರಿಗೆ, ಯಾತಕ್ಕೆ, ಎಷ್ಟು, ಮೂರೂ ಬರ್ಬೇಕು. ಒಂದು ವಿನಾಯ್ತಿ ಇದೆ, ಬಡವರ ನಿಧಿಯಿಂದ ಸಹಾಯ ಪಡೆದೋರ ಹೆಸರು ಮಾತ್ರ ಹಾಕೋಂಗಿಲ್ಲ. ಇದನ್ನ ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ, ಯಾಕಂದ್ರೆ ನಮ್ಮಲ್ಲಿ ಪಂಚಾಯ್ತಿ ಗೋಡೆ ಮೇಲೆ ಫಲಾನುಭವಿಗಳ ಹೆಸರು ದಪ್ಪಕ್ಷರದಲ್ಲಿ ಇರುತ್ತೆ, ಕಂಟ್ರಾಕ್ಟರ್ ಹೆಸರು ಹುಡುಕ್ಬೇಕು.

ಆ ವಾರಪತ್ರಿಕೆ ಬಂದಾಗ ಅಂಗಡಿ ಕೌಂಟರಲ್ಲಿ ಜನ ಮೊದಲು ತಿರುಗಿಸೋದು ಈ ಪುಟಾನೇ. ಇರುವೆ ಸಾಲಿನಂಥ ಅಕ್ಷರ, ಮುದುಕರು ಕನ್ನಡಕ ಹಣೆಗೇರಿಸಿ ಬೆರಳಿಟ್ಟು ಓದ್ತಾರೆ, ಓಹೋ ಅವನ ಗ್ಯಾರೇಜಿಗೆ ಮತ್ತೆ ಕೊಟ್ರಾ ಟೈರಿನ ಕೆಲಸ ಅಂತಾರೆ. ಅಷ್ಟೇ. ಯಾರೂ ಹೋರಾಟ ಮಾಡಲ್ಲ, ಆದ್ರೆ ಮುಂದಿನ ಮಂಗಳವಾರ ಸೂಪರ್ವೈಸರ್ ಅದೇ ಅಂಗಡೀಲಿ ಕಾಫಿಗೆ ಬರ್ಬೇಕಲ್ಲ, ಅದು ಅವನಿಗೂ ಗೊತ್ತು. ನಮ್ಮಲ್ಲಿ ಎಲ್ಲಾ ಆನ್‌ಲೈನ್ ಇದೆ ಅಂತೀರಿ, ಸರಿ, ವೆಬ್‌ಸೈಟಲ್ಲಿ ಜಿಲ್ಲೆ ತಾಲೂಕು ಪಂಚಾಯ್ತಿ ವರ್ಷ ಅಂತ ಒಂದೊಂದೇ ಒತ್ತಿ ಹುಡುಕೋದು ಬೇರೆ, ಟೀ ಅಂಗಡೀಲಿ ಕಣ್ಣಿಗೆ ಬೀಳೋದು ಬೇರೆ.

ಆದ್ರಿಂದ ಕೇಳ್ಕೊಳೋದು, ನಿಮ್ಮ ಜಿಲ್ಲಾ ಪುಟದಲ್ಲಿ ವಾರಕ್ಕೆ ಒಂದು ಪಂಚಾಯ್ತಿದು, ಅರ್ಧ ಕಾಲಂ, ಆ ತಿಂಗಳು ಪಾವತಿ ಆದ ಬಿಲ್ಲು ಇದ್ದದ್ದು ಇದ್ದಂಗೆ ಹಾಕಿ. ವಿಶ್ಲೇಷಣೆ ಬೇಡ, ತಲೆಬರಹ ಬೇಡ. ಅಲ್ಲಿ ಪತ್ರಿಕೆಗೆ ಕೌಂಟಿ ಇದಕ್ಕೆ ದುಡ್ಡು ಕೊಡುತ್ತೆ ಅನ್ನೋದನ್ನೂ ಮುಚ್ಚಿಡಲ್ಲ, ಪುಕ್ಕಟೆ ಅಲ್ಲ, ನಿಮಗೆ ಇಲ್ಲಿ ಯಾರು ಕೊಡ್ತಾರೋ ನಾ ಕಾಣೆ.

ಮೇಲ್‌ಬಾಕ್ಸು ಏನಾಯ್ತು ಅಂತ ಕೇಳ್ಬಹುದು. ನಾನೂ ಅಳಿಯನೂ ಏಪ್ರಿಲ್‌ನಲ್ಲಿ ನೆಲ ಸಡಿಲ ಆದ್ಮೇಲೆ ಹೊಸ ಕಂಬ ನೆಟ್ವಿ. ಆದ್ರೆ ಆ ವಾರದ ಪತ್ರಿಕೆ ತುಣುಕು ಮಗಳು ಕತ್ತರಿಸಿ ಇಟ್ಟಿದಾಳೆ, ಅಳಿಯನ ಹೆಸರು, ಕಾಗುಣಿತ ತಪ್ಪಾಗಿ, ಮುಂದೆ ಒಂದೇ ಸಾಲು: ಮೇಲ್‌ಬಾಕ್ಸ್ ಬಗ್ಗೆ ಮಾತಾಡಿದರು, ಯಾವ ಕ್ರಮವನ್ನೂ ತೆಗೆದುಕೊಳ್ಳಲಿಲ್ಲ.

ಇಂತಿ,
ನಿಮ್ಮ ಹಳೇ ಓದುಗ