ಭಾನುವಾರದ ಚರ್ಚೆ: ಅರ್ದೇಶಿರ್ ಕರ್ಸೆಟ್‌ಜಿ ವಾಡಿಯಾ

ಗೆಳೆಯರೇ, ಈ ಭಾನುವಾರ ಅರ್ದೇಶಿರ್ ಕರ್ಸೆಟ್‌ಜಿ ವಾಡಿಯಾ (1808–1877) ಬಗ್ಗೆ ಮಾತಾಡೋಣ. ಮುಂಬೈಯಲ್ಲಿ ಹಡಗು ಕಟ್ಟುತ್ತಿದ್ದ ಪಾರ್ಸಿ ಮನೆತನದವರು. ಮನೆಯ ಹಿರಿಯರು ತೇಗದ ಹಾಯಿಹಡಗುಗಳಿಗೆ ಹೆಸರಾಗಿದ್ದರು. ಇವರಿಗೆ ಮಾತ್ರ ಉಗಿಯಂತ್ರದ ಹುಚ್ಚು.

1839ರಲ್ಲಿ ಇಂಗ್ಲೆಂಡಿಗೆ ಹೋಗಿ ಹಡಗಿನ ಎಂಜಿನ್ ಕೆಲಸವನ್ನು ಹತ್ತಿರದಿಂದ ನೋಡಿ ಕಲಿತರು. 1841ರಲ್ಲಿ ಲಂಡನ್ನಿನ ಹೆಸರಾಂತ ವಿಜ್ಞಾನ ಸಂಸ್ಥೆ ರಾಯಲ್ ಸೊಸೈಟಿಯ ಫೆಲೋ (ಗೌರವದ ಸದಸ್ಯತ್ವ) ಆಗಿ ಆಯ್ಕೆಯಾದರು. ಈ ಗೌರವ ಪಡೆದ ಮೊದಲ ಭಾರತೀಯ ಇವರೇ! ಎರಡನೆಯವರು ಗಣಿತಜ್ಞ ರಾಮಾನುಜನ್, ಅದೂ 1918ರಲ್ಲಿ. ಆಮೇಲೆ ಮುಂಬೈಯ ಸ್ಟೀಮ್ ಫ್ಯಾಕ್ಟರಿಗೆ (ಉಗಿಹಡಗಿನ ಯಂತ್ರಗಳ ಕಾರ್ಖಾನೆ) ಮುಖ್ಯ ಎಂಜಿನಿಯರ್. ಕೈಕೆಳಗೆ ಯುರೋಪಿಯನ್ನರೂ ಇದ್ದರು. ಈಸ್ಟ್ ಇಂಡಿಯಾ ಕಂಪನಿ ಆಡಳಿತದ ಕಾಲದಲ್ಲಿ ಇದು ಸಣ್ಣ ಮಾತಲ್ಲ, ಅಲ್ವಾ? ನಮ್ಮ ಶಾಲೆಯ ಪುಸ್ತಕಗಳಲ್ಲಿ ಇವರ ಹೆಸರು ಇರಲೇಬೇಕು.

1969ರಲ್ಲಿ ಬಂದ ಇವರ ಅಂಚೆಚೀಟಿ ಯಾರ ಬಳಿಯಾದರೂ ಇದ್ದರೆ ಫೋಟೊ ಹಾಕಿ. ಸುಮ್ನೆ ಫಾರ್ವರ್ಡ್ ಮೆಸೇಜು ಬೇಡ, ಓದಿ ಬರೆಯಿರಿ.